ಕೈಗೆ ಬಂದ ತುತ್ತು

2019ರ ಮಾತು. ನಮ್ಮ ಆಫೀಸಿನ ಅರ್ಧ ಟೀಮು ಬೆಂಗಳೂರಿನಲ್ಲಿ, ಇನ್ನರ್ಧ ಮೆಕ್ಸಿಕೋದಲ್ಲಿ. ಅವರಿಗೆ ಬೆಳಗಾಗುವ ಹೊತ್ತಿಗೆ ನಮ್ಮ ಮನೆಯಲ್ಲಿ ರಾತ್ರಿ ಊಟದ ತಟ್ಟೆ ಎತ್ತುತ್ತಿರುತ್ತಾರೆ. ಆ ರಾತ್ರಿ ಮೂರು ತಿಂಗಳ ಕೆಲಸವೊಂದು ಹೊರಗೆ ಹೋಗಬೇಕಿತ್ತು. ಎಲ್ಲ ಸರಿಯಾಗೇ ನಡೆದಿತ್ತು. ಯಾರೋ ಆಗಲೇ 'ಕಂಗ್ರಾಟ್ಸ್' ಅಂತಲೂ ಬರೆದಾಗಿತ್ತು. ಕೊನೆಯ ಹತ್ತು ನಿಮಿಷದಲ್ಲಿ ಅದೇನು ಕೆಟ್ಟಿತೋ, ಇಡೀ ಕೆಲಸ ಮಕಾಡೆ ಮಲಗಿತು. ಕಾಲ್‌ನಲ್ಲಿ ಯಾರೂ ಮಾತಾಡಲಿಲ್ಲ. ಆಗ ಮೆಕ್ಸಿಕೋ ಸಿಟಿಯ ಗೆಳೆಯ ನಿಟ್ಟುಸಿರು ಬಿಟ್ಟು ಏನೋ ಒಂದು ಮಾತು ಅಂದ. ಅವನ ಕಡೆಯವರೆಲ್ಲ ಬಿದ್ದು ಬಿದ್ದು ನಕ್ಕರು. ನಮಗೆ ಮಾತ್ರ ಏನೂ ತಿಳಿಯಲಿಲ್ಲ.

ಆಮೇಲೆ ಕೇಳಿದೆ. ಅವನು ಹೇಳಿದ ಪದ 'ಕ್ರುಸಸುಲೆಯಾರ್'. ಅದೊಂದು ಕ್ರಿಯಾಪದ. ಗೆದ್ದೇಬಿಟ್ಟೆವು ಅನ್ನುವ ಹೊತ್ತಿನಲ್ಲಿ ಸೋಲುವುದು ಅಂತ ಅರ್ಥ. ಬಂದಿದ್ದು ಕ್ರುಸ್ ಅಸುಲ್ ಅನ್ನುವ ಫುಟ್ಬಾಲ್ ಕ್ಲಬ್ಬಿನ ಹೆಸರಿನಿಂದ. ನಮ್ಮಲ್ಲೂ ಇದಕ್ಕೊಂದು ಮಾತಿದೆ, 'ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ' ಅಂತ, ಅಂದೆ. ಅರ್ಥ ಬಿಡಿಸಿ ಹೇಳಿದೆ. ಅವನು ಒಂದು ಕ್ಷಣ ಯೋಚಿಸಿದ. "ನಿಮಗೆ ಅಷ್ಟುದ್ದದ ಗಾದೆ ಬೇಕು. ನಮಗೆ ಒಂದು ಕ್ಲಬ್ ಸಾಕು" ಅಂದ. ಅವನು ಆ ಕ್ಲಬ್ಬಿನ ಅಭಿಮಾನಿ ಅಂತ ಗೊತ್ತಾಗಿದ್ದು ಅದಾದ ಮೇಲೆ.

ಕನ್ನಡದಲ್ಲೂ ಒಂದು ಹೆಸರಿಗೆ 'ಇಸು' ಅಂಟಿಸಿದರೆ ಕ್ರಿಯಾಪದ ರೆಡಿ. ಆದರೂ ಹದಿನೆಂಟು ವರ್ಷ 'ಈ ಸಲ ಕಪ್ ನಮ್ದೇ' ಅಂತ ಕೂಗಿದ ನಾವು ನಮ್ಮ ಟೀಮಿಗೆ ಆ ಗತಿ ತರಲಿಲ್ಲ. ಅಷ್ಟು ಮರ್ಯಾದೆ ಉಳಿಸಿಕೊಂಡೆವು.

ಆ ರಾತ್ರಿ ನಿದ್ದೆ ಬರಲಿಲ್ಲ. ಈ ಪದ ಹುಟ್ಟಿಸಿದ ಪಂದ್ಯ ಯಾವುದು ಅಂತ ಹುಡುಕಿ ನೋಡಿದೆ. ಒಂದೇ ಪಂದ್ಯದಿಂದ ಹುಟ್ಟಿದ ಪದ ಅದಲ್ಲ. ಆದರೆ ಯಾರನ್ನು ಕೇಳಿದರೂ ಮೊದಲು ತೋರಿಸುವುದು 2013ರ ಮೇ 26ರ ರಾತ್ರಿಯನ್ನು.

ಮೆಕ್ಸಿಕೋ ಲೀಗಿನಲ್ಲಿ ಫೈನಲ್ ಅಂದರೆ ಎರಡು ಪಂದ್ಯ. ಒಂದು ಇವರ ಮನೆಯಲ್ಲಿ, ಇನ್ನೊಂದು ಅವರ ಮನೆಯಲ್ಲಿ. ಎರಡರ ಗೋಲುಗಳನ್ನೂ ಕೂಡಿಸಿ ಚಾಂಪಿಯನ್ ಯಾರು ಅಂತ ನೋಡುತ್ತಾರೆ. ಆ ಸಲ ಎದುರಿಗಿದ್ದದ್ದು ಅಮೆರಿಕಾ. ದೇಶವಲ್ಲ, ಕ್ಲಬ್ಬು. ಆಗ ದೇಶದ ದೊಡ್ಡ ಟೆಲಿವಿಷನ್ ಕಂಪನಿ ತೆಲೆವಿಸಾದ ಒಡೆತನದ್ದು. ದುಡ್ಡು, ದರ್ಪ ಎರಡೂ ಇದ್ದ ಟೀಮು. ಮೊದಲ ಪಂದ್ಯದಲ್ಲಿ ಕ್ರಿಸ್ಟಿಯನ್ ಹಿಮೆನೆಸ್ ಹೊಡೆದ ಗೋಲಿನಿಂದ ಕ್ರುಸ್ ಅಸುಲ್ 1-0ಯಿಂದ ಗೆದ್ದಿತ್ತು. ಎರಡನೆಯದು ಅಸ್ತೆಕಾ ಸ್ಟೇಡಿಯಂನಲ್ಲಿ. ಜೋರು ಮಳೆ. 14ನೇ ನಿಮಿಷಕ್ಕೇ ಅಮೆರಿಕಾದ ಒಬ್ಬನಿಗೆ ಕೆಂಪು ಕಾರ್ಡು. 20ನೇ ನಿಮಿಷಕ್ಕೆ ತೆಯೊಫಿಲೊ ಗುತಿಯೆರೆಸ್‌ನ ಗೋಲು. ಒಟ್ಟು 2-0, ಎದುರಿಗೆ ಹತ್ತೇ ಜನ. ಹದಿನೈದು ವರ್ಷಗಳಿಂದ ಕಾಯುತ್ತಿದ್ದ ಕಪ್ಪು ಮನೆಗೆ ಬಂದ ಹಾಗೇ.

ಹೀಗೇ 87 ನಿಮಿಷ ಕಳೆಯಿತು.

88ನೇ ನಿಮಿಷದಲ್ಲಿ ಅಕಿವಾಲ್ದೊ ಮೊಸ್ಕೆರಾ ತಲೆಯಿಂದ ಒಂದು ಹೊಡೆದ. 2-1. ಪರವಾಗಿಲ್ಲ, ಇನ್ನು ಎರಡು ಮೂರು ನಿಮಿಷ ಅಷ್ಟೇ ತಾನೆ? 90 ನಿಮಿಷದ ಮೇಲೆ ಸೇರಿಸಿದ ಆ ನಿಮಿಷಗಳಲ್ಲಿ ಅಮೆರಿಕಾಕ್ಕೆ ಒಂದು ಕಾರ್ನರ್ ಸಿಕ್ಕಿತು. ಅವರ ಗೋಲ್‌ಕೀಪರ್ ಮೋಯ್ಸೆಸ್ ಮುನ್ಯೋಸ್ ತನ್ನ ಗೋಲು ಬಿಟ್ಟು ಇಡೀ ಮೈದಾನ ದಾಟಿ ಓಡಿ ಬಂದ. ಬಂದವನೇ ಗಾಳಿಯಲ್ಲಿ ಹಾರಿ ತಲೆ ಕೊಟ್ಟ. ಚೆಂಡು ಕ್ರುಸ್ ಅಸುಲ್‌ನ ಹುಡುಗ ಅಲೆಹಾಂದ್ರೊ ಕಾಸ್ತ್ರೊಗೆ ತಾಗಿ ದಿಕ್ಕು ಬದಲಿಸಿ ಒಳಗೆ ಹೋಯಿತು. ಗೋಲ್‌ಕೀಪರ್ ಗೋಲು ಹೊಡೆದ! 2-2. ಆಮೇಲೆ ಪೆನಾಲ್ಟಿ. ಅದೇ ಕಾಸ್ತ್ರೊ ಒದೆಯಲು ಬಂದು, ಒದ್ದೆ ಹುಲ್ಲಿನ ಮೇಲೆ ಜಾರಿ, ಚೆಂಡನ್ನು ಹೊರಗೆ ಕಳಿಸಿದ. ಅಮೆರಿಕಾ 4-2ರಿಂದ ಗೆದ್ದಿತು.

ನಾನು ಫುಟ್ಬಾಲ್ ಪಂಡಿತನಲ್ಲ. ವಿಶ್ವಕಪ್ ಬಂದಾಗ ನೋಡುವ ಜಾತಿ. ಆದರೂ ಆ ವಿಡಿಯೋ ಮೂರು ಸಲ ನೋಡಿದೆ. ಮೂರನೇ ಸಲ ನೋಡುವಾಗಲೂ ಆ ಚೆಂಡು ಹೊರಗೆ ಹೋಗಬಹುದೇನೋ ಅನ್ನಿಸುತ್ತಿತ್ತು.

ಮರುದಿನ ಗೆಳೆಯನಿಗೆ ಇದನ್ನು ಹೇಳಿದೆ. "ಎಲ್ಲರೂ ಅದನ್ನೇ ನೋಡ್ತಾರೆ. ಹಾಸ್ಸೊ ಬಗ್ಗೆ ಯಾರೂ ಕೇಳಲ್ಲ" ಅಂದ. ಹಾಸ್ಸೊ ಅಂದರೆ ಏನು ಅಂತ ನನಗೂ ಗೊತ್ತಿರಲಿಲ್ಲ.

ಮೆಕ್ಸಿಕೋ ಸಿಟಿಯಿಂದ ಉತ್ತರಕ್ಕೆ ಇದಾಲ್ಗೊ ರಾಜ್ಯ. ಅಲ್ಲಿ ತೂಲಾ ಅನ್ನುವ ಊರಿದೆ. ತೋಲ್ತೆಕ್ ಜನರ ಹಳೆಯ ರಾಜಧಾನಿ, ಆಳೆತ್ತರ ಮೀರಿದ ಕಲ್ಲಿನ ಯೋಧರು ಇವತ್ತಿಗೂ ಸಾಲಾಗಿ ನಿಂತಿರುವ ಜಾಗ. ಅದರ ಹತ್ತಿರವೇ ಹಾಸ್ಸೊ. ಸುಣ್ಣದ ಕಲ್ಲಿನ ನೆಲ. 1881ರಲ್ಲಿ ಹೆನ್ರಿ ಗಿಬ್ಬನ್ ಅನ್ನುವ ಇಂಗ್ಲಿಷ್‌ನವನು ಅಲ್ಲಿ ಸುಣ್ಣದ ಕಾರ್ಖಾನೆ ಶುರು ಮಾಡಿದ. ಅದೇ ಮುಂದೆ ಸಿಮೆಂಟ್ ಕಾರ್ಖಾನೆಯಾಯಿತು. ಕ್ರುಸ್ ಅಸುಲ್, ಅಂದರೆ ನೀಲಿ ಶಿಲುಬೆ, ಆ ಸಿಮೆಂಟಿನ ಹೆಸರು. 1927ರ ಮೇ 22ರಂದು ಅಲ್ಲಿನ ಕೆಲಸಗಾರರು ಸೇರಿ ಒಂದು ಫುಟ್ಬಾಲ್ ಟೀಮು ಕಟ್ಟಿದರು. ಪಾಳಿ ಮುಗಿಸಿ, ಮೈಮೇಲಿನ ಸಿಮೆಂಟ್ ಧೂಳು ಕೊಡವಿಕೊಂಡು ಆಡುವ ಟೀಮು. ಅವತ್ತು ಅಷ್ಟೇ.

1931ರಲ್ಲಿ ಸಂಕಟ ಬಂತು. ಲಾ ತೋಲ್ತೆಕಾ ಅನ್ನುವ ದೊಡ್ಡ ಸಿಮೆಂಟ್ ಕಂಪನಿ ಈ ಕಾರ್ಖಾನೆಯನ್ನು ಕೊಂಡುಕೊಂಡಿತು. ನಡೆಸುವುದಕ್ಕೆ ಅಲ್ಲ. ಪೈಪೋಟಿಗೆ ಇದ್ದ ಒಂದು ಗೂಡನ್ನು ಆರಿಸುವುದಕ್ಕೆ. ಕೆಲಸಗಾರರು ಬಿಡಲಿಲ್ಲ. ಬಾಗಿಲು ಹಾಕಲು ಒಪ್ಪಲಿಲ್ಲ, ಹೋರಾಡಿದರು, ಕೋರ್ಟಿಗೆ ಹೋದರು. 1932ರಲ್ಲಿ ಇದಾಲ್ಗೊ ರಾಜ್ಯದ ಗವರ್ನರ್ ಬಾರ್ತೊಲೊಮೆ ವರ್ಗಾಸ್ ಲುಗೊ ಕಾರ್ಖಾನೆಯನ್ನು ಸರ್ಕಾರದ ವಶಕ್ಕೆ ತೆಗೆದುಕೊಂಡು ಕೆಲಸಗಾರರ ಕೈಗೆ ಕೊಟ್ಟರು. ಪುಕ್ಕಟೆ ಅಲ್ಲ, ಕಂತಿನಲ್ಲಿ ಸಾಲ ತೀರಿಸಬೇಕು ಅನ್ನುವ ಕರಾರಿನ ಮೇಲೆ. 1934ರಲ್ಲಿ 192 ಜನ ಕೆಲಸಗಾರರು ಸೇರಿ ಸಹಕಾರ ಸಂಘ ಕಟ್ಟಿದರು. ಮಾಲೀಕರೂ ಅವರೇ, ಗೂಡಿಗೆ ಕಲ್ಲು ಸುರಿಯುವವರೂ ಅವರೇ.

ಇದನ್ನು ಓದಿದಾಗ ನಿಜಕ್ಕೂ ಎದ್ದು ಕೂತೆ. ಲೇವಡಿಯ ಪದವಾಗಿ ಹೋದ ಕ್ಲಬ್ಬಿನ ಮೂಲದಲ್ಲಿ ಇಂಥ ಒಂದು ಗೆಲುವಿದೆ. ಮುಚ್ಚಲು ಬಂದವರ ಕೈಯಿಂದ 192 ಜನ ಕಾರ್ಖಾನೆ ಕಿತ್ತುಕೊಂಡಿದ್ದಾರೆ. ತುತ್ತು ಕೈತಪ್ಪಿ ಹೋಗುವುದರಲ್ಲಿತ್ತು, ಹಿಡಿದು ಬಾಯಿಗೆ ಹಾಕಿಕೊಂಡಿದ್ದಾರೆ. ಅದಕ್ಕೆ ಮಾತ್ರ ಯಾರೂ ಕ್ರಿಯಾಪದ ಮಾಡಲಿಲ್ಲ ನೋಡಿ.

ಊರಿನ ಹೆಸರೇ ಬದಲಾಯಿತು. ಹಾಸ್ಸೊದ ಆ ಕಾಲೊನಿ ಈಗ ಸಿಯುದಾದ್ ಕೊಆಪರತಿವಾ ಕ್ರುಸ್ ಅಸುಲ್, ಅಂದರೆ ಕ್ರುಸ್ ಅಸುಲ್ ಸಹಕಾರ ನಗರ. 1953ರಿಂದ ಸಂಘ ನಡೆಸಿದ ಗಿಯೆರ್ಮೊ ಆಲ್ವಾರೆಸ್ ಮಸಿಯಾಸ್ ಅನ್ನುವವರಿಗೆ ಫುಟ್ಬಾಲ್ ಮೇಲೆ ಪ್ರಾಣ. ಊರಲ್ಲೇ ಒಂದು ಸ್ಟೇಡಿಯಂ ಎದ್ದಿತು. ಅದರ ಹೆಸರು 'ಡಿಸೆಂಬರ್ 10'. ಹಂಗೇರಿಯಿಂದ ಬಂದಿದ್ದ ಮಾರಿಕ್ ಕೋಚು. 1964ರಲ್ಲಿ ಟೀಮು ಮೊದಲ ದರ್ಜೆಯ ಲೀಗಿಗೆ ಏರಿತು. ರಾಜಧಾನಿಯ, ಗ್ವಾದಲಹಾರದ ಘಟಾನುಘಟಿಗಳೆಲ್ಲ ಈ ಸಿಮೆಂಟ್ ಊರಿಗೆ ಬಸ್ಸು ಹತ್ತಿ ಬಂದು ಆಡಬೇಕಾಯಿತು.

ಮುಂದಿನದನ್ನು ನಂಬುವುದೇ ಕಷ್ಟ. ಏರಿದ ಐದನೇ ಸೀಸನ್ನಿಗೆ, 1968-69ರಲ್ಲಿ, ಲೀಗ್ ಗೆದ್ದರು. ಅದೇ ಸೀಸನ್ನಿನಲ್ಲಿ ದೇಶದ ಕಪ್ಪನ್ನೂ ಗೆದ್ದರು. 1969ರಲ್ಲೇ ಉತ್ತರ ಮತ್ತು ಮಧ್ಯ ಅಮೆರಿಕಾದ ಕ್ಲಬ್ಬುಗಳ ಕಾನ್ಕಕಾಫ್ ಕಪ್ಪು ಕೂಡ. ಆ ಕಪ್ಪನ್ನು 1970, 1971ರಲ್ಲಿ ಮತ್ತೆ ಎತ್ತಿದರು. ಲೀಗನ್ನು 1970ರಲ್ಲಿ, ಆಮೇಲೆ 1972, 73, 74ರಲ್ಲಿ ಸಾಲಾಗಿ ಮೂರು ಸಲ, 1979 ಮತ್ತು 80ರಲ್ಲಿ ಇನ್ನೆರಡು ಸಲ. ಹನ್ನೆರಡು ವರ್ಷದೊಳಗೆ ಏಳು ಲೀಗ್! 1972ರ ಫೈನಲ್ಲಿನಲ್ಲಿ ಸೋತವರು ಯಾರು ಗೊತ್ತಾ? ಅಮೆರಿಕಾ. ಅದೂ 4-1ರಿಂದ. ಆ ಟೀಮಿಗೆ ರೇಡಿಯೋ, ಟೀವಿಯ ಕಾಮೆಂಟ್ರಿಕಾರ ಆಂಹೆಲ್ ಫೆರ್ನಾಂದೆಸ್ 'ಲಾ ಮಾಕಿನಾ' ಅಂತ ಹೆಸರಿಟ್ಟ. ಅಂದರೆ ರೈಲಿನ ಎಂಜಿನ್. ಇವತ್ತಿಗೂ ಇವರ ಪಂದ್ಯಕ್ಕೆ ಹೋದರೆ ರೈಲಿನ ಸೀಟಿ ಕೇಳುತ್ತದೆ.

ಆ ಕಾಲದ ಆಟಗಾರರಲ್ಲಿ ನನಗೆ ಮನಸ್ಸಿನಲ್ಲಿ ಉಳಿದವನು ಗೋಲ್‌ಕೀಪರ್ ಮಿಗೆಲ್ ಮರೀನ್. ಅರ್ಜೆಂಟೀನಾದವನು. 1971ರಲ್ಲಿ ಬಂದ. ಜನ 'ಸೂಪರ್‌ಮ್ಯಾನ್' ಅಂತ ಕರೆದರು, 'ಬೆಕ್ಕು' ಅಂತಲೂ ಕರೆದರು. ಐದು ಲೀಗ್ ಗೆದ್ದ ಈ ಮನುಷ್ಯ 1976ರಲ್ಲಿ ಅತ್ಲಾಂತೆ ವಿರುದ್ಧ ಒಂದು ಕೆಲಸ ಮಾಡಿದ. ಚೆಂಡು ಕೈಯಲ್ಲೇ ಇತ್ತು. ಹತ್ತಿರ ಎದುರಾಳಿ ಯಾರೂ ಇಲ್ಲ. ಒಬ್ಬನಿಗೆ ಎಸೆಯಲು ಕೈ ಎತ್ತಿದ, ನಡುವೆ ಮನಸ್ಸು ಬದಲಿಸಿದ, ಮೈ ತಿರುಗಿತು, ಚೆಂಡು ಕೈಜಾರಿ ತನ್ನದೇ ಗೋಲಿನೊಳಗೆ ಹೋಯಿತು. ದೇಶದಲ್ಲೇ ಅತ್ಯುತ್ತಮ ಕೈಗಳು ಅನ್ನಿಸಿಕೊಂಡ ಕೈಗಳು ಅವು. ಆ ಪದ ಹುಟ್ಟುವ ಎಷ್ಟೋ ವರ್ಷ ಮೊದಲೇ ಅದರ ಬೀಜ ಬಿದ್ದಿದ್ದು ಅಲ್ಲೇ ಅಂತ ನನಗೆ ಅನ್ನಿಸುತ್ತದೆ. ಆದರೆ ಆಗ ಯಾರೂ ಅದನ್ನು ಕ್ಲಬ್ಬಿನ ಹಣೆಬರಹ ಅನ್ನಲಿಲ್ಲ. ಗೆಲ್ಲುತ್ತಿರುವವನು ಎಡವಿದರೆ ಅದು ತಮಾಷೆ. ಸೋಲುತ್ತಿರುವವನು ಎಡವಿದರೆ ಅದು ಗುಣ ಆಗಿಬಿಡುತ್ತದೆ. ಮರೀನ್ ಮುಂದೆ ಹೃದಯದ ತೊಂದರೆಯಿಂದ ಆಟ ಬಿಟ್ಟ. 1991ರ ಕೊನೆಯಲ್ಲಿ ಅದೇ ಹೃದಯ ನಿಂತಿತು.

ಇನ್ನೊಂದು ಸಂಗತಿ ಇಲ್ಲೇ ಹೇಳಿಬಿಡಬೇಕು. 1971ರಲ್ಲಿ ಟೀಮು ಹಾಸ್ಸೊ ಬಿಟ್ಟಿತು. ಹೆಸರು ಬೆಳೆದ ಮೇಲೆ ಪುಟ್ಟ ಊರು ಸಾಲದಾಯಿತು. ಲಕ್ಷ ಜನ ಹಿಡಿಯುವ ಅಸ್ತೆಕಾಕ್ಕೆ ಬಂದರು. ಅದು ಯಾರದ್ದು? ಅಮೆರಿಕಾ ಕ್ಲಬ್ಬಿನ ಒಡೆಯರದ್ದೇ. ಸ್ವಂತ ಮನೆ ಬಿಟ್ಟು ದಾಯಾದಿಯ ಮನೆಯಲ್ಲಿ ಬಾಡಿಗೆಗೆ ಬಂದ ಹಾಗೆ. 1996ರಲ್ಲಿ ಅಲ್ಲಿಂದ ಎದ್ದು ನಗರದ ಮಧ್ಯದ ಹಳೆಯ ಸ್ಟೇಡಿಯಂ ಒಂದಕ್ಕೆ ಹೋದರು. ಅದಕ್ಕೆ 'ಅಸುಲ್' ಅಂತ ಹೆಸರಿಟ್ಟರು. ಪಕ್ಕದಲ್ಲೇ ದೊಡ್ಡ ಗೂಳಿಕಾಳಗದ ಅಖಾಡ. ಆ ಜಾಗ ಮೊದಲು ಇಟ್ಟಿಗೆ ಸುಡುವವರು ಮಣ್ಣು ತೆಗೆದ ಗುಂಡಿಯಾಗಿತ್ತಂತೆ. ಅದಕ್ಕೇ ಆಟದ ನೆಲ ರಸ್ತೆಗಿಂತ ಎಷ್ಟೋ ಕೆಳಗಿದೆ. ಸಿಮೆಂಟಿನವರು ಇಟ್ಟಿಗೆ ಗುಂಡಿಯಲ್ಲಿ! ಅದೂ ಸ್ವಂತದ್ದಲ್ಲ. 2018ರಲ್ಲಿ ಅದನ್ನೂ ಬಿಟ್ಟು ಮತ್ತೆ ಅಸ್ತೆಕಾ. ವಿಶ್ವಕಪ್ಪಿಗೆ ಅಂತ ಅಸ್ತೆಕಾ ರಿಪೇರಿಗೆ ಮುಚ್ಚಿದಾಗ ಮತ್ತೆ ಗಂಟುಮೂಟೆ. ದೇಶಕ್ಕೆಲ್ಲ ಸಿಮೆಂಟ್ ಕೊಟ್ಟವರಿಗೆ ರಾಜಧಾನಿಯಲ್ಲಿ ತಮ್ಮದೇ ಒಂದು ಸ್ಟೇಡಿಯಂ ಕಟ್ಟಿಕೊಳ್ಳಲು ಆಗಲಿಲ್ಲ.

1980ರ ನಂತರ ಲೀಗ್ ಕಪ್ಪು ಬರುವುದು ನಿಂತಿತು. ಮುಂದಿನ ಲೀಗಿಗೆ ಹದಿನೇಳು ವರ್ಷ ಬೇಕಾಯಿತು. 1997ರ ಡಿಸೆಂಬರ್ 7. ಎದುರಾಳಿ ಲಿಯೋನ್, ಅವರದೇ ಊರಲ್ಲಿ. ಎರಡು ಪಂದ್ಯ ಸೇರಿ 1-1. ಆಗ 'ಗೋಲ್ಡನ್ ಗೋಲ್' ನಿಯಮ ಇತ್ತು. ಹೆಚ್ಚುವರಿ ಸಮಯದಲ್ಲಿ ಮೊದಲು ಹೊಡೆದವರದ್ದೇ ಆಟ. ಕ್ರುಸ್ ಅಸುಲ್‌ನ ಕಾರ್ಲೋಸ್ ಎರ್ಮೊಸಿಯೊ ಚೆಂಡಿನ ಹಿಂದೆ ನುಗ್ಗಿದ. ಲಿಯೋನ್‌ನ ಗೋಲ್‌ಕೀಪರ್ ಆಂಹೆಲ್ ಕೊಮಿಸ್ಸೊ ಅವನ ಮುಖಕ್ಕೇ ಒದ್ದ. ಪೆನಾಲ್ಟಿ. ಮುಖದಿಂದ ರಕ್ತ ಸೋರುತ್ತಿದೆ. ರಕ್ತ ಒರೆಸಿಕೊಂಡು ಎರ್ಮೊಸಿಯೊನೇ ಒದ್ದ. ಒಳಗೆ. ಅಲ್ಲಿಗೇ ಪಂದ್ಯ ಮುಗಿಯಿತು. ಅಂಗಿ ಮುಖ ಎಲ್ಲ ಕೆಂಪಾಗಿ ಅವನು ಓಡುವ ಚಿತ್ರ ಆ ಕ್ಲಬ್ಬಿನವರ ಮನೆಯಲ್ಲಿ ದೇವರ ಫೋಟೋ ಇದ್ದ ಹಾಗೆ. ನನ್ನ ಗೆಳೆಯನಿಗೆ ಆಗ ಏಳು ವರ್ಷ. "ಅವತ್ತು ಅಪ್ಪ ಅತ್ತಿದ್ದು ಮಾತ್ರ ನೆನಪಿದೆ. ಗೋಲು ನೆನಪಿಲ್ಲ" ಅನ್ನುತ್ತಾನೆ.

ಆ ಟೀಮಿನ ಕ್ಯಾಪ್ಟನ್ ಪೆರುವಿನ ಹುವಾನ್ ರೆಯ್ನೊಸೊ. ಈ ಹೆಸರು ನೆನಪಿರಲಿ.

2001ರಲ್ಲಿ ಇನ್ನೂ ದೊಡ್ಡದೊಂದು ಆಗುವುದರಲ್ಲಿತ್ತು. ದಕ್ಷಿಣ ಅಮೆರಿಕಾದ ಕ್ಲಬ್ಬುಗಳ ಕಪ್ಪು ಕೋಪಾ ಲಿಬೆರ್ತದೋರೆಸ್‌ಗೆ ಆ ಕಾಲದಲ್ಲಿ ಮೆಕ್ಸಿಕೋದ ಕ್ಲಬ್ಬುಗಳನ್ನು ಅತಿಥಿಗಳಾಗಿ ಕರೆಯುತ್ತಿದ್ದರು. ಅತಿಥಿಯಾಗಿ ಹೋದ ಕ್ರುಸ್ ಅಸುಲ್ ರಿವರ್ ಪ್ಲೇಟನ್ನು ಸೋಲಿಸಿತು, ರೊಸಾರಿಯೊ ಸೆಂತ್ರಾಲನ್ನು ಸೋಲಿಸಿತು, ಫೈನಲ್ ತಲುಪಿತು. ಅಲ್ಲಿಯವರೆಗೆ ಮೆಕ್ಸಿಕೋದ ಯಾವ ಕ್ಲಬ್ಬೂ ಅಷ್ಟು ದೂರ ಹೋಗಿರಲಿಲ್ಲ. ಎದುರಿಗೆ ಬೋಕಾ ಜೂನಿಯರ್ಸ್, ರಿಕೆಲ್ಮೆ ಆಡುತ್ತಿದ್ದ ಬೋಕಾ. ಅಸ್ತೆಕಾದಲ್ಲಿ 0-1ರಿಂದ ಸೋತರು. ಕಥೆ ಮುಗಿಯಿತು ಅಂದುಕೊಂಡರು ಎಲ್ಲರೂ. ಬ್ಯೂನಸ್ ಐರಿಸ್‌ನಲ್ಲಿರುವ ಬೋಕಾದ ಸ್ಟೇಡಿಯಂ ಬೊಂಬೊನೇರಾ, ಹುಲಿಯ ಗವಿ ಇದ್ದ ಹಾಗೆ. ಅಲ್ಲಿಗೆ ಹೋಗಿ ಪಲೆನ್ಸಿಯಾ ಹೊಡೆದ ಗೋಲಿನಿಂದ 1-0ಯಿಂದ ಗೆದ್ದರು. ಬೋಕಾದವರ ಮನೆಯಲ್ಲೇ! ಪೆನಾಲ್ಟಿಗೆ ಹೋಯಿತು. ಬೋಕಾ 3-1. ಈ ಸೋಲನ್ನು ಯಾರೂ ಆಡಿಕೊಳ್ಳುವುದಿಲ್ಲ. ಹಳಬರು ಗೆಲುವಿನ ಥರವೇ ನೆನೆಸಿಕೊಳ್ಳುತ್ತಾರೆ.

ಆಮೇಲಿನ ವರ್ಷಗಳದ್ದು ಬೇರೆಯೇ ಕಥೆ. 2005ರ ಜುಲೈನಲ್ಲಿ ಕೋಚ್ ರುಬೆನ್ ಒಮಾರ್ ರೊಮಾನೊ ತರಬೇತಿ ಮುಗಿಸಿ ಹೊರಟಾಗ ದಾರಿಯಲ್ಲೇ ಅಪಹರಣವಾಯಿತು. ಪೊಲೀಸರು ಬಿಡಿಸಿ ತಂದಿದ್ದು 65 ದಿನಗಳ ಮೇಲೆ. ಫುಟ್ಬಾಲಿಗೂ ಇದಕ್ಕೂ ಸಂಬಂಧವಿಲ್ಲ, ಸುಮ್ನೆ ಬಿಡೋಣ ಅಂದರೂ ಆಗುವುದಿಲ್ಲ. ಕೋಚನ್ನೇ ಕಳೆದುಕೊಂಡ ಟೀಮು ಲೀಗ್ ಆಡುತ್ತಲೇ ಇತ್ತು.

ಫೈನಲ್ಲುಗಳಂತೂ ಒಂದರ ಹಿಂದೆ ಒಂದು. 1999ರಲ್ಲಿ ಪಚುಕಾ ವಿರುದ್ಧ ಸೋಲು, ಅದೂ ಗೋಲ್ಡನ್ ಗೋಲಿನಿಂದ, 1997ರಲ್ಲಿ ಇವರಿಗೆ ಕಪ್ಪು ಕೊಟ್ಟ ಅದೇ ನಿಯಮದಿಂದ. 2008ರಲ್ಲಿ ಒಂದೇ ವರ್ಷ ಎರಡು ಫೈನಲ್, ಎರಡರಲ್ಲೂ ಸೋಲು. 2009ರಲ್ಲಿ ಮೊಂತೆರ್ರೆ ವಿರುದ್ಧ. 2013ರದ್ದು ಹೇಳಿದೆ. 2018ರಲ್ಲಿ ಮತ್ತೆ ಅಮೆರಿಕಾ. ನಡುವೆ 2014ರಲ್ಲಿ ಕಾನ್ಕಕಾಫ್ ಕಪ್ಪು ಗೆದ್ದು ಮೊರಾಕ್ಕೋದಲ್ಲಿ ಕ್ಲಬ್ಬುಗಳ ವಿಶ್ವಕಪ್ಪಿಗೆ ಹೋದರು. ಅಲ್ಲಿ ರಿಯಲ್ ಮ್ಯಾಡ್ರಿಡ್ ಕೈಲಿ ಸೋತಿದ್ದು ಸರಿ ಅನ್ನಿ. ಮೂರನೇ ಸ್ಥಾನಕ್ಕೆ ಆಕ್ಲೆಂಡ್ ಸಿಟಿಯ ಕೈಲೂ ಸೋತರು. ನ್ಯೂಜಿಲೆಂಡಿನ ಆ ಟೀಮಿನಲ್ಲಿ ಹಗಲು ಬೇರೆ ಕೆಲಸ ಮಾಡಿ ಸಂಜೆ ಆಡುವವರಿದ್ದರು. 1927ರ ಹಾಸ್ಸೊದವರ ಹಾಗೆ.

ಮೆಕ್ಸಿಕೋದಲ್ಲಿ 1996ರಿಂದ ವರ್ಷಕ್ಕೆ ಎರಡು ಸಲ ಚಾಂಪಿಯನ್ ಆಗುತ್ತಾರೆ. ಹಾಗಾಗಿ ಇಪ್ಪತ್ತಮೂರು ವರ್ಷ ಲೀಗ್ ಕಪ್ಪಿಲ್ಲ ಅಂದರೆ ನಲವತ್ತು ಚಿಲ್ಲರೆ ಅವಕಾಶ ಕಳೆದ ಹಾಗೆ. ಆದರೆ ಲೇವಡಿ ಮಾಡುವವರು ಒಂದು ಮಾತು ಮರೆಯುತ್ತಾರೆ. ಆ ಅವಧಿಯಲ್ಲಿ ಫೈನಲ್ಲಿನ ಹತ್ತಿರವೂ ಸುಳಿಯದ ಕ್ಲಬ್ಬುಗಳಿವೆ. ಅವುಗಳ ಹೆಸರಿನಿಂದ ಯಾರೂ ಪದ ಮಾಡಲಿಲ್ಲ. ತುತ್ತು ಕೈಗೇ ಬರದವನಿಗೆ ಬಾಯಿ ತಪ್ಪುವ ಭಯ ಎಲ್ಲಿಂದ?

2020 ಬಂತು. ಆ ವರ್ಷದ ಮೊದಲ ಲೀಗಿನಲ್ಲಿ ಕ್ರುಸ್ ಅಸುಲ್ ಪಟ್ಟಿಯ ಮೇಲುಗಡೆ ಇತ್ತು. ಕೋವಿಡ್ ಬಂದು ಲೀಗ್ ನಿಂತಿತು. ಆಮೇಲೆ ರದ್ದೇ ಮಾಡಿದರು. ರದ್ದಾದ ದಿನ ಮೇ 22, ಕ್ಲಬ್ಬಿನ ಹುಟ್ಟುಹಬ್ಬ. ಗೆಳೆಯ ಅವತ್ತು ಕಳಿಸಿದ ಮೆಸೇಜಿನಲ್ಲಿ ಅಕ್ಷರವೇ ಇರಲಿಲ್ಲ, ಒಂದು ಕೇಕಿನ ಚಿತ್ರ ಅಷ್ಟೇ.

ಡಿಸೆಂಬರಿನಲ್ಲಿ ಸೆಮಿಫೈನಲ್. ಎದುರಿಗೆ ಪುಮಾಸ್, ರಾಷ್ಟ್ರೀಯ ವಿಶ್ವವಿದ್ಯಾಲಯದ ಟೀಮು. ಮೊದಲ ಪಂದ್ಯ 4-0ಯಿಂದ ಗೆದ್ದರು. ನಾನು ಅಭಿನಂದನೆ ಕಳಿಸಿದೆ. ಅವನು ಉತ್ತರಿಸಲಿಲ್ಲ. ಎರಡನೇ ಪಂದ್ಯ ಡಿಸೆಂಬರ್ 6ರಂದು, ವಿಶ್ವವಿದ್ಯಾಲಯದ ಒಲಿಂಪಿಕ್ ಸ್ಟೇಡಿಯಂನಲ್ಲಿ, ಖಾಲಿ ಗ್ಯಾಲರಿಗಳ ಎದುರು. ಪುಮಾಸ್ 4-0. ನಾಲ್ಕನೆಯದು ಬಿದ್ದಿದ್ದು ಆಟ ಮುಗಿಯುವ ಹೊತ್ತಿಗೆ. ಒಟ್ಟು 4-4. ಪಟ್ಟಿಯಲ್ಲಿ ಮೇಲಿದ್ದ ಕಾರಣಕ್ಕೆ ಪುಮಾಸ್ ಫೈನಲ್ಲಿಗೆ. ಈ ಸಲ ಗೆಳೆಯನ ಮೆಸೇಜು ಬಂತು: "ಇನ್ನು ಮೇಲೆ ಪಂದ್ಯ ಮುಗಿಯುವ ಮೊದಲು ನನಗೆ ಅಭಿನಂದನೆ ಹೇಳಬೇಡ."

ಇದರ ನಂತರ ಕೋಚಾಗಿ ಬಂದವನು ಹುವಾನ್ ರೆಯ್ನೊಸೊ. ಹೌದು, 1997ರ ಕ್ಯಾಪ್ಟನ್. ಮೊದಲ ಎರಡು ಪಂದ್ಯ ಸೋತ. ಆಮೇಲೆ ಸಾಲಾಗಿ ಹನ್ನೆರಡು ಗೆದ್ದ. 41 ಪಾಯಿಂಟು, 17 ಪಂದ್ಯಗಳ ಲೀಗಿನ ದಾಖಲೆಗೆ ಸಮ. ಫೈನಲ್ಲಿನಲ್ಲಿ ಸಾಂತೋಸ್ ಲಗುನಾ. ಅವರ ಊರು ತೊರ್ರೆಯೋನ್‌ನಲ್ಲಿ ನಮ್ಮ ಕಡೆಯ ಲೂಯಿಸ್ ರೊಮೊ ಒಂದು ಹೊಡೆದ, 1-0. ಮೇ 30ಕ್ಕೆ ಅಸ್ತೆಕಾ. ನಮಗೆ ಸೋಮವಾರ ಬೆಳಿಗ್ಗೆ. ಇಲ್ಲಿ ಲಾಕ್‌ಡೌನ್, ರಸ್ತೆಯಲ್ಲಿ ನರಪಿಳ್ಳೆ ಇಲ್ಲ. ಕಾಫಿ ಹಿಡಿದು ಫೋನಿನ ಮುಂದೆ ಕೂತೆ. ಸಾಂತೋಸ್‌ನವರು ಮೊದಲು ಹೊಡೆದರು. ಒಟ್ಟು ಸಮ. ಬಂತು ನೋಡಿ ಅಂದುಕೊಂಡೆ. ವಿರಾಮದ ನಂತರ ಉರುಗ್ವೆಯ ಹೊನಾತಾನ್ ರೊಡ್ರಿಗೆಸ್ ಒಂದು ಹೊಡೆದ. ಆಮೇಲಿನ ನಲವತ್ತು ನಿಮಿಷ ಹೇಗೆ ಕಳೆಯಿತೋ ಗೊತ್ತಿಲ್ಲ. ಗೋಲಿನಲ್ಲಿ ನಿಂತಿದ್ದವನು ಹೆಸೂಸ್ ಕೊರೋನಾ. 2013ರ ಮಳೆಯಲ್ಲಿ ಮುನ್ಯೋಸನ ಆ ಚೆಂಡು ತನ್ನನ್ನು ದಾಟಿ ಹೋಗುವುದನ್ನು ನೋಡಿದವನು ಅವನೇ. ಎಂಟು ವರ್ಷದ ಮೇಲೆ ಅದೇ ಸ್ಟೇಡಿಯಂ, ಅದೇ ಮೇ ತಿಂಗಳು. ಈ ಸಲ ಕ್ಯಾಪ್ಟನ್ನಿನ ಪಟ್ಟಿ ಅವನ ತೋಳಲ್ಲಿ. ಸೀಟಿ ಊದಿದಾಗ ಒಟ್ಟು 2-1.

23 ವರ್ಷ, 5 ತಿಂಗಳು, 23 ದಿನ. ಒಂಬತ್ತನೇ ಲೀಗ್.

ಟೀಮಿನಲ್ಲಿ ಸಾಂತಿಯಾಗೊ ಹಿಮೆನೆಸ್ ಅನ್ನುವ ಇಪ್ಪತ್ತರ ಹುಡುಗನಿದ್ದ. 2013ರ ಮೊದಲ ಪಂದ್ಯದಲ್ಲಿ ಗೋಲು ಹೊಡೆದ ಕ್ರಿಸ್ಟಿಯನ್ ಹಿಮೆನೆಸ್‌ನ ಮಗ. ಅಪ್ಪನಿಗೆ ಇಲ್ಲಿ ಎಂಟು ವರ್ಷ ಆಡಿದರೂ ಸಿಗದ ಲೀಗ್ ಮಗನಿಗೆ ಸಿಕ್ಕಿತು.

ಕಥೆಯನ್ನು ಇಲ್ಲಿ ನಿಲ್ಲಿಸಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ಸಿಮೆಂಟಿನ ಕಡೆ ಏನಾಗುತ್ತಿತ್ತು ಅನ್ನುವುದನ್ನು ಬಿಟ್ಟರೆ ತಪ್ಪಾಗುತ್ತದೆ. ಆಲ್ವಾರೆಸ್ ಮಸಿಯಾಸ್ 1976ರಲ್ಲಿ ತೀರಿಕೊಂಡಿದ್ದರು. 1988ರಲ್ಲಿ ಮಗ ಗಿಯೆರ್ಮೊ ಆಲ್ವಾರೆಸ್ ಕುಯೆವಾಸ್ ಸಂಘದ ಚುಕ್ಕಾಣಿ ಹಿಡಿದರು. ಎಲ್ಲರ ಬಾಯಲ್ಲೂ 'ಬಿಲ್ಲಿ'. ಮೂವತ್ತೆರಡು ವರ್ಷ ಅವರದ್ದೇ ಕಾರುಬಾರು. ಅಷ್ಟು ವರ್ಷದಲ್ಲಿ ಬಂದ ಲೀಗ್ ಒಂದೇ, ಆ ರಕ್ತದ ಮುಖದ್ದು. 2020ರಲ್ಲಿ ಅವರ ಮೇಲೆ ಸಂಘಟಿತ ಅಪರಾಧ, ಅಕ್ರಮ ಹಣದ ವ್ಯವಹಾರದ ಆರೋಪ ಬಂದು ಬಂಧನದ ವಾರಂಟ್ ಹೊರಟಿತು. ಹುದ್ದೆ ಬಿಟ್ಟರು, ತಲೆಮರೆಸಿಕೊಂಡರು. ಪೊಲೀಸರಿಗೆ ಸಿಕ್ಕಿದ್ದು 2025ರ ಜನವರಿಯಲ್ಲಿ. ಅವರು ಕುರ್ಚಿ ಬಿಟ್ಟ ಹತ್ತೇ ತಿಂಗಳಿಗೆ ಟೀಮು ಗೆದ್ದಿತು. ಅದನ್ನು ಕಾಕತಾಳೀಯ ಅಂತ ಒಪ್ಪುವ ಒಬ್ಬ ಅಭಿಮಾನಿಯೂ ನನಗೆ ಸಿಕ್ಕಿಲ್ಲ.

ಸಂಘ ಎರಡು ಬಣವಾಯಿತು. 2022ರ ಏಪ್ರಿಲ್ 27ರ ಬೆಳಗಿನ ಜಾವ ಇದಾಲ್ಗೊದ ಕಾರ್ಖಾನೆಯ ಬಾಗಿಲಲ್ಲೇ ಬಡಿದಾಟವಾಗಿ ಎಂಟು ಜನ ಸತ್ತರು. 192 ಜನ ಸೇರಿ ಉಳಿಸಿಕೊಂಡ ಕಾರ್ಖಾನೆ ಅದು. ಹೊರಗಿನ ಕಂಪನಿ ಮುಚ್ಚಿಸಲು ಬಂದಾಗ ಜೊತೆಗೆ ನಿಂತ ಜಾಗ. ಗೋಲು, ಪೆನಾಲ್ಟಿ, ಫೈನಲ್ಲುಗಳ ಸೋಲೆಲ್ಲ ಇದರ ಮುಂದೆ ಏನೂ ಅಲ್ಲ. ಈ ಸುದ್ದಿ ಓದಿದ ದಿನ ಗೆಳೆಯನಿಗೆ ಏನು ಬರೆಯಬೇಕೋ ತಿಳಿಯಲಿಲ್ಲ. ಅವನೂ ಏನೂ ಬರೆಯಲಿಲ್ಲ.

2024ರಲ್ಲಿ ಮತ್ತೊಂದು ಫೈನಲ್, ಮತ್ತೆ ಅಮೆರಿಕಾ, ಮತ್ತೆ ಸೋಲು, ಒಂದು ಪೆನಾಲ್ಟಿಯ ಅಂತರದಲ್ಲಿ. ಆ ವರ್ಷದ ಎರಡನೇ ಲೀಗಿನಲ್ಲಿ 42 ಪಾಯಿಂಟು ಗಳಿಸಿ ಹೊಸ ದಾಖಲೆ ಮಾಡಿದರು, ಸೆಮಿಫೈನಲ್ಲಿನಲ್ಲಿ ಅಮೆರಿಕಾಕ್ಕೇ ಸೋತರು. ಹಳೆಯ ಪದ ಮತ್ತೆ ಎಲ್ಲರ ಬಾಯಿಗೆ ಬಂತು.

ಆಮೇಲೆ 2025ರ ಜೂನ್ 1. ನಮಗೆ ಜೂನ್ 2ರ ಬೆಳಿಗ್ಗೆ. ಕಾನ್ಕಕಾಫ್ ಫೈನಲ್, ಈ ಸಲ ಒಂದೇ ಪಂದ್ಯದ್ದು. ಎದುರಿಗೆ ಕೆನಡಾದ ವ್ಯಾಂಕೂವರ್ ವೈಟ್‌ಕ್ಯಾಪ್ಸ್. ಅಸ್ತೆಕಾ ಮುಚ್ಚಿತ್ತಲ್ಲ, ಆ ಹೊತ್ತಿಗೆ ಇವರ ಬಾಡಿಗೆ ಮನೆ ಯಾವುದು ಗೊತ್ತಾ? ಪುಮಾಸ್‌ನ ಒಲಿಂಪಿಕ್ ಸ್ಟೇಡಿಯಂ. 2020ರ ಡಿಸೆಂಬರಿನಲ್ಲಿ ನಾಲ್ಕು ಗೋಲು ತಿಂದ ಅದೇ ನೆಲ.

8ನೇ ನಿಮಿಷಕ್ಕೆ ನಾಯಕ ಇಗ್ನಾಸಿಯೊ ರಿವೆರೊ ಮೊದಲನೆಯದು ಹೊಡೆದ. ಫರವೆಲ್ಲಿ ಇನ್ನೊಂದು. ಆಂಹೆಲ್ ಸೆಪುಲ್ವೆದಾ ಮೂರನೆಯದು. ವಿರಾಮಕ್ಕೆ ಮುಂಚೆ ಪೋಲೆಂಡಿನ ಬೊಗುಷ್ ನಾಲ್ಕನೆಯದು. 4-0.

ಅದೇ ಅಂಕಿ, ಅದೇ ಸ್ಟೇಡಿಯಂ. ಗೆಳೆಯನಿಗೆ ಏನೋ ಬರೆಯಲು ಹೊರಟು ಕೈ ನಿಲ್ಲಿಸಿದೆ. ವಿರಾಮದಲ್ಲಿ ಅವನೇ ಬರೆದ: "ಏನೂ ಹೇಳಬೇಡ."

ನಾನು ಏನೂ ಹೇಳಲಿಲ್ಲ. 50ನೇ ನಿಮಿಷಕ್ಕೆ ಸೆಪುಲ್ವೆದಾ ಐದನೆಯದು ಹೊಡೆದ. ಆಗಲೂ ಸುಮ್ಮನಿದ್ದೆ. 80 ನಿಮಿಷವಾಯಿತು, 88 ಆಯಿತು. ಆ 88ನೇ ನಿಮಿಷದಲ್ಲಿ ನಾನೂ ಉಸಿರು ಬಿಗಿ ಹಿಡಿದಿದ್ದೆ, 5-0 ಇದ್ದಾಗ! ಕೊನೆಯ ಸೀಟಿ ಬಿತ್ತು. ಏಳನೇ ಕಾನ್ಕಕಾಫ್ ಕಪ್ಪು, ಅಮೆರಿಕಾದಷ್ಟೇ.

ಸ್ವಲ್ಪ ಹೊತ್ತಿಗೆ ಅವನ ಮೆಸೇಜು ಬಂತು. "ಈಗ ಹೇಳು."